ಮೊದಲಿನ ಮೇಷ್ಟ್ರು ವಾಪಸ್ ಬರ್ತಾರಾ?

ಪ್ರಶ್ನೆ: ನನಗೆ 41 ವರ್ಷ. ಹಾವೇರಿ ಕಡೆ ಸರ್ಕಾರಿ ಶಾಲೆಯ ಮೇಷ್ಟ್ರು. ಹತ್ತು ತಿಂಗಳ ಹಿಂದೆ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಯಿತು, ಒಳಗೆ ರಕ್ತ ಹೆಪ್ಪುಗಟ್ಟಿದೆ ಅಂತ ಆಪರೇಷನ್ ಮಾಡಿದರು. ಈಗ ನೋಡಿದವರೆಲ್ಲ 'ಆರಾಮ ಆಗೀರಲ್ಲ ಸರ್' ಅಂತಾರೆ. ಆದರೆ ಒಲೆ ಮೇಲೆ ಹಾಲಿಟ್ಟು ಮರೆಯುತ್ತೇನೆ. ಕುಕ್ಕರ್ ಸೀಟಿ ಹೊಡೆದರೆ ತಲೆ ಸಿಡಿಯುತ್ತದೆ. ಮೊನ್ನೆ ಏನೂ ತಪ್ಪು ಮಾಡದ ಮಗಳ ಮೇಲೆ ಕೂಗಾಡಿದೆ. ಮೊದಲಿನ ಹಾಗೆ ಆಗ್ತೀನಾ? ನೌಕರಿ ಉಳಿಯುತ್ತಾ? ಕೆಲವು ರಾತ್ರಿ ಯಾಕಾದರೂ ಉಳಿದುಕೊಂಡೆನೋ ಅನ್ನಿಸುತ್ತದೆ.

ಉತ್ತರ: ಮೇಷ್ಟ್ರೇ, ನಿಮ್ಮ ಕೊನೆ ಸಾಲಿನಿಂದಲೇ ಶುರು ಮಾಡುತ್ತೇನೆ. ಅಂಥ ರಾತ್ರಿ ಮತ್ತೆ ಬಂದರೆ ಒಬ್ಬರೇ ಕೂರಬೇಡಿ. ಮನೆಯವರನ್ನು ಎಬ್ಬಿಸಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಎನ್ನದೆ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಡಾಕ್ಟರಿಗೂ ಇದನ್ನು ಹೇಳಿ. ತಲೆಗೆ ಪೆಟ್ಟಾದವರಲ್ಲಿ ಖಿನ್ನತೆ ತುಂಬಾ ಸಾಮಾನ್ಯ, ಅದಕ್ಕೆ ಚಿಕಿತ್ಸೆಯೂ ಇದೆ.

ನೌಕರಿ ವಿಷಯ. ಯಾರು ಏನೇ ಹೇಳಲಿ, ರಾಜೀನಾಮೆ ಮಾತ್ರ ಬರೆದುಕೊಡಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ಇದೆ. ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದ ಸರ್ಕಾರಿ ನೌಕರರನ್ನು ಕೆಲಸದಿಂದ ತೆಗೆಯುವಂತಿಲ್ಲ, ಆ ಹುದ್ದೆ ಮಾಡಲಾಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು ಅನ್ನುತ್ತದೆ ಅದು. ಅಂಗವೈಕಲ್ಯದ ಸರ್ಟಿಫಿಕೇಟ್ ಬಗ್ಗೆ ಡಾಕ್ಟರನ್ನು ಕೇಳಿ.

ಇನ್ನು ಮೊದಲಿನ ಹಾಗೆ ಆಗೋದು. ಪೂರ್ತಿ ಹಾಗೇ ಆಗುತ್ತೀರಿ ಅಂತ ನಾನು ಹೇಳಲಾರೆ, ಹೇಳುವವರನ್ನು ನೀವು ನಂಬಲೂಬೇಡಿ. ಶುರುವಿನ ತಿಂಗಳುಗಳ ವೇಗ ಈಗ ಇರುವುದಿಲ್ಲ, ನಿಜ. ಹಾಗಂತ ನಿಂತೇ ಹೋಯಿತು ಅಂತಲ್ಲ, ವರ್ಷಗಟ್ಟಲೆ ಸ್ವಲ್ಪಸ್ವಲ್ಪವೇ ಸುಧಾರಿಸುವವರಿದ್ದಾರೆ. ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪುನರ್ವಸತಿ ವಿಭಾಗ ಇದೆ, ಒಮ್ಮೆ ಹೋಗಿ ಬನ್ನಿ.

1943ರಲ್ಲಿ ಸ್ಮೋಲೆನ್ಸ್ಕ್ ಯುದ್ಧದಲ್ಲಿ ಜಸೆಟ್ಸ್ಕಿ ಅನ್ನೋ ಸೋವಿಯತ್ ಸೈನಿಕನ ತಲೆಗೆ ಗಾಯವಾಯಿತು. ಅಕ್ಷರಗಳೇ ಮರೆತುಹೋದವು. ಒಂದೊಂದು ಅಕ್ಷರಕ್ಕೂ ತಡಕಾಡುತ್ತಿದ್ದವನಿಗೆ ಆಸ್ಪತ್ರೆಯಲ್ಲಿ ಒಂದು ದಿನ, ಅಕ್ಷರದ ಬಗ್ಗೆ ಯೋಚಿಸಬೇಡ, ಕೈ ಎತ್ತದೆ ಇಡೀ ಪದ ಬರೆದುಬಿಡು ಅಂದರು. ಬರೆದೇಬಿಟ್ಟ! ತಲೆ ಮರೆತದ್ದು ಕೈಗೆ ನೆನಪಿತ್ತು. ತಾನು ಬರೆದದ್ದನ್ನು ಓದೋಕೆ ಮಾತ್ರ ಒದ್ದಾಡುತ್ತಿದ್ದ. ಆದರೂ ಇಪ್ಪತ್ತೈದು ವರ್ಷ ಬರೆದ, ಸುಮಾರು 3000 ಪುಟ. ಅವನ ಡಾಕ್ಟರ್ ಲೂರಿಯಾ ಇದನ್ನೆಲ್ಲ ದಾಖಲಿಸಿದ್ದಾರೆ. ಅವನು ಗುಣವಾದ ಅಂತ ಈ ಕತೆ ಹೇಳುತ್ತಿಲ್ಲ, ಪೂರ್ತಿ ಗುಣವಾಗಲೇ ಇಲ್ಲ. ಆದರೆ ಬೆಳಿಗ್ಗೆ ಎದ್ದರೆ ಅವನಿಗೊಂದು ಕೆಲಸವಿತ್ತು.

ನಿಮ್ಮ ಕೈಯಲ್ಲೂ ಎಷ್ಟು ವರ್ಷದ ಸೀಮೆಸುಣ್ಣ ಇದೆ ಅಲ್ವಾ? ಪಕ್ಕದ ಮನೆಯ ಒಂದು ಮಗುವನ್ನು ಕರೆದು ಬೆಳಿಗ್ಗೆ, ತಲೆ ತಿಳಿಯಾಗಿರುವಾಗ, ಕಾಲು ಗಂಟೆ ಕಾಗುಣಿತ ಬರೆಸಿ. ಒಂದೇ ಮಗು. ಟಿವಿ ಬಂದ್. ಹೆಸರು ಮರೆಯುವ ಹಾಗಿದ್ದರೆ ಸ್ಲೇಟಿನ ಮೂಲೆಯಲ್ಲಿ ಬರೆದಿಡಿ. ಕಾಲು ಗಂಟೆಯಾದಾಗ ಇನ್ನೂ ಮಾಡಬಲ್ಲೆ ಅನ್ನಿಸಿದರೂ ನಿಲ್ಲಿಸಿಬಿಡಿ, ಇಲ್ಲದಿದ್ದರೆ ಸಂಜೆ ಹೊತ್ತಿಗೆ ಮನೆಯವರು ಅದರ ಬೆಲೆ ತೆರಬೇಕಾಗುತ್ತದೆ. (ಬೈಕು, ಮದ್ಯ ಎರಡೂ ಡಾಕ್ಟರು ಹೇಳೋ ತನಕ ಬೇಡ.)

ಈ ಕೋಪ ನಿಮ್ಮ ಗುಣವಲ್ಲ, ದಣಿವು. ಬೇಡದ ಸದ್ದನ್ನು ಬದಿಗೆ ಸರಿಸುವ ಕೆಲಸವನ್ನು ಮೊದಲು ಮಿದುಳು ನಿಮಗೆ ಗೊತ್ತೇ ಆಗದ ಹಾಗೆ ಮಾಡುತ್ತಿತ್ತು. ಈಗ ಅದಕ್ಕೇ ಸುಸ್ತಾಗುತ್ತಿದೆ. ಮಗಳಿಗೆ ಇದನ್ನು ಹೇಳಿದ್ದೀರಾ? ಅವಳು ಖಂಡಿತ ತನ್ನದೇ ತಪ್ಪು ಅಂದುಕೊಂಡಿರುತ್ತಾಳೆ. ಇವತ್ತೇ ಕೂರಿಸಿಕೊಂಡು ಹೇಳಿ, ಕ್ಷಮೆಯನ್ನೂ ಕೇಳಿ. ಹಾಲಿಡುವಾಗ ಫೋನಿನಲ್ಲಿ ಅಲಾರಂ ಇಡುವ ಕೆಲಸವನ್ನು ಅವಳಿಗೇ ಕೊಡಿ. ಕುಕ್ಕರ್ ಮಾತ್ರ ನೀವು ಹಿತ್ತಲಿಗೆ ಹೋದ ಮೇಲೆ ಇಡಲಿ.