ನಾಲ್ಕು ಚೀಲ ಸೋನಾ ಮಸೂರಿ

ತಮ್ಮಾ, ಅಮೆರಿಕದ ಮಿನಿಯಾಪೊಲಿಸ್‌ಗೆ ಓದಲು ಬಂದು ಎರಡೇ ತಿಂಗಳು, ಆಗಲೇ ರೂಮಿನಲ್ಲಿ ನಾಲ್ಕು ಚೀಲ ಸೋನಾ ಮಸೂರಿ ಸೇರಿದೆ ಅಂತ ಬರೆದಿದ್ದೀಯ. ಡಾಲರನ್ನು ರೂಪಾಯಿಗೆ ಗುಣಿಸಿ ಮಧ್ಯಾಹ್ನದ ಊಟ ಬಿಡ್ತೀಯ. ಸಂಜೆ ಕ್ಯಾಂಪಸ್‌ನಲ್ಲಿ ಬಿಟ್ಟಿ ಪಿಜ್ಜಾ ಕಂಡರೆ ಹೊಟ್ಟೆ ಬಿರಿಯುವಷ್ಟು ತಿನ್ನುತ್ತೀಯ. "ನನಗೇನಾದರೂ ಹುಚ್ಚಾ ಅಕ್ಕಾ?" ಅಂತ ಬೇರೆ ಕೇಳಿದ್ದೀಯ.

ಹುಚ್ಚಲ್ಲ ಮಾರಾಯ. ನಾನು ಬಂದ ವರ್ಷ ಅಮ್ಮ ಒಂದು ಡಬ್ಬಿ ಚಟ್ನಿಪುಡಿ ಕೊಟ್ಟಿದ್ದರು. ಮುಗಿದರೆ ಎಲ್ಲಿಂದ ತರೋದು ಅಂತ ಭಾನುವಾರ ಮಾತ್ರ ಒಂದು ಚಮಚ. ಸುಮ್ನೆ ಮುಚ್ಚಳ ತೆಗೆದು ವಾಸನೆ ನೋಡಿ ಮುಚ್ಚಿಟ್ಟ ದಿನಗಳೇ ಜಾಸ್ತಿ. ಅಮ್ಮ ಫೋನಿನಲ್ಲಿ "ಮುಗೀತಾ?" ಅಂದಾಗೆಲ್ಲ "ಇನ್ನೂ ಇದೆ" ಅಂತ ಹೆಮ್ಮೆಯಿಂದ ಹೇಳುತ್ತಿದ್ದೆ. ಒಂದು ಭಾನುವಾರ ಕೊಬ್ಬರಿ ಕಮಟು ಹೊಡೆಯಿತು. ಅರ್ಧ ಡಬ್ಬಿ ಕಸಕ್ಕೆ. ಅಮ್ಮನಿಗೆ "ಮುಗೀತು" ಅಂತ ಮಾತ್ರ ಹೇಳಿದೆ.

ಆಮೇಲಾದರೂ ಬುದ್ಧಿ ಬಂತಾ? 2023ರ ಜುಲೈನಲ್ಲಿ ಭಾರತ ಬಾಸುಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಬಾಸುಮತಿಗೆ ತಡೆ ಇರಲಿಲ್ಲ, ಆದರೆ ಮೊಸರನ್ನಕ್ಕೆ ಬಾಸುಮತಿ ಆಗುತ್ತಾ? ಕೆಲಸ, ಮನೆ, ಕಾರು ಎಲ್ಲ ಇದ್ದ ನಾನೂ ಇಂಡಿಯನ್ ಸ್ಟೋರ್‌ಗೆ ಓಡಿ, ಇಪ್ಪತ್ತು ಪೌಂಡಿನ ಮೂರು ಚೀಲ ಹೊತ್ತು ತಂದೆ. ಮನೆಯಲ್ಲಿರೋದು ಇಬ್ಬರು! ಮೂರನೆಯದನ್ನು ಬಿಚ್ಚುವಾಗ ಒಳಗೆ ನುಸಿ ಓಡಾಡುತ್ತಿತ್ತು.

ನಿನ್ನ ಪಿಜ್ಜಾ ಕಥೆಗಂತೂ ನಿನ್ನ ಯೂನಿವರ್ಸಿಟಿಯಲ್ಲೇ ಉತ್ತರ ಇದೆ. ಯುದ್ಧದಿಂದ ಹಸಿದ ಜನಕ್ಕೆ ಮತ್ತೆ ಹೇಗೆ ಉಣಿಸಬೇಕು ಅಂತ ತಿಳಿಯಲು 1944–45ರಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಅಲ್ಲಿನ ಫುಟ್‌ಬಾಲ್ ಸ್ಟೇಡಿಯಂ ಕೆಳಗಿನ ಲ್ಯಾಬ್‌ನಲ್ಲಿ ಒಂದು ಪ್ರಯೋಗ ನಡೆಸಿದರು. ಒಪ್ಪಿ ಬಂದ 36 ಯುವಕರಿಗೆ 24 ವಾರ ಅರೆಹೊಟ್ಟೆ. ಅವರ ಮಾತೆಲ್ಲ ಊಟದ ಸುತ್ತಲೇ ಆಯಿತು. ತಟ್ಟೆ ನೆಕ್ಕಿದರು. ಕೆಲವರು ಅಡುಗೆ ಪುಸ್ತಕ ಕೂಡಿಡತೊಡಗಿದರು. ಮತ್ತೆ ಬೇಕಾದಷ್ಟು ಊಟ ಸಿಕ್ಕಾಗಲೂ ಕೆಲವರಿಗೆ ಎಷ್ಟು ತಿಂದರೂ ಸಾಕೆನಿಸಲಿಲ್ಲ. ನಿನ್ನ ಹಸಿವು ಅಷ್ಟು ದೊಡ್ಡದಲ್ಲ, ಸರಿ. ಆದರೂ ಮಧ್ಯಾಹ್ನ ಬಿಟ್ಟ ಊಟವನ್ನು ಸಂಜೆ ಹೊಟ್ಟೆ ಬಡ್ಡಿ ಸಮೇತ ವಸೂಲಿ ಮಾಡುತ್ತಿದೆ ಅಷ್ಟೇ. ಅದನ್ನು ಹೊಟ್ಟೆಬಾಕತನ ಅಂತ ಬೈದುಕೊಳ್ಳಬೇಡ.

ನಾಳೆಯಿಂದ ಡಬ್ಬಿ ಕಟ್ಟಿಕೊಂಡು ಹೋಗು. ಚಿತ್ರಾನ್ನವಾದರೂ ಸಾಕು, ಅಕ್ಕಿ ಹೇಗೂ ಇದೆಯಲ್ಲ. ರೂಪಾಯಿ ಲೆಕ್ಕ ಬೇಕಿದ್ದರೆ ಶೂ ಕೊಳ್ಳುವಾಗ ಹಾಕು, ತುತ್ತಿಗೆ ಬೇಡ. ನಿಜಕ್ಕೂ ದುಡ್ಡು ಸಾಲದಿದ್ದರೆ, ಬಿಟ್ಟಿ ದಿನಸಿ ಕೊಡುವ ಕ್ಯಾಂಪಸ್‌ನ ಫುಡ್ ಪ್ಯಾಂಟ್ರಿಗೆ ಹೋಗು, ನಾಚಿಕೆ ಬೇಡ. ದುಡ್ಡಿದ್ದೂ ಬಿಟ್ಟಿ ಅಂತ ಮಾತ್ರ ಹೋಗಬೇಡ. ಎರಡು ಚೀಲ ಅಕ್ಕಿ ಪಕ್ಕದ ರೂಮಿನವರಿಗೆ ಕೊಡು.

ಎಲ್ಲಿ ಮುಗಿದುಹೋಗುತ್ತೋ ಅನ್ನೋ ಈ ಭಯ ಹೋಗುತ್ತಾ ಅಂದೆಯಲ್ಲ, ನನಗೆ ಪೂರ್ತಿ ಹೋಗಿಲ್ಲ. ಫ್ರೀಜರ್ ತೆಗೆದರೆ ಕಪ್ಪಾದ ಕರಿಬೇವಿನ ಕವರ್ ಮೂರು ಬೀಳುತ್ತವೆ. ನಿನ್ನ ಅಮ್ಮ ಕಟ್ಟಿಕೊಟ್ಟ ಪುಡಿಗಳನ್ನು ಇನ್ನೂ ಬಿಚ್ಚಿಲ್ಲ ತಾನೆ? ಇವತ್ತೇ ಬಿಚ್ಚು. ಕೊಬ್ಬರಿ ಹಾಕಿದ್ದು ಮೊದಲು.