ಬ್ರೂನೋನ 45 ದಿನ ಟ್ರೈನಿಂಗ್ ಸೆಂಟರಲ್ಲಿ ಬಿಡ್ಬೇಕಾ?

ಪ್ರಶ್ನೆ: ಮೇಡಂ, ನಾವಿರೋದು ಮೈಸೂರಲ್ಲಿ. ಮನೇಲಿ ಅತ್ತೆ ಮಾವ, ನಮ್ಮೆಜಮಾನ್ರು, ನಾನು, 6 ವರ್ಷದ ಮಗ. ಮಗ ಹಠ ಮಾಡ್ದ ಅಂತ ನಮ್ಮೋರು ಲ್ಯಾಬ್ರಡಾರ್ ಮರಿ ತಂದ್ರು, ಹೆಸ್ರು ಬ್ರೂನೋ, ಈಗ 9 ತಿಂಗಳು. ಊಟ, ವಾಕಿಂಗ್, ಗಲೀಜು ಕ್ಲೀನ್ ಮಾಡೋದು ಎಲ್ಲಾ ನನ್ ತಲೆ ಮೇಲೇ, ಜೊತೆಗೆ ಸ್ಕೂಲ್ ಕೆಲ್ಸ ಬೇರೆ. ಬೆಳಿಗ್ಗೆ ಒಬ್ರು ಟ್ರೈನರ್ ಬಂದು ಪಾರ್ಕಿಗೆ ಕರ್ಕೊಂಡ್ ಹೋಗ್ತಾರೆ, ಅವ್ರ ಮುಂದೆ ಸಿಟ್, ಸ್ಟೇ ಎಲ್ಲಾ ಮಾಡುತ್ತೆ, ಮನೆಗೆ ಬಂದ್ರೆ ನಮ್ ಮಾತು ಕಿವಿಗೇ ಹಾಕ್ಕೊಳಲ್ಲ. ಮೊನ್ನೆ ಅದು ಊಟ ಮಾಡ್ತಿದ್ದಾಗ ಮಗ ಬಟ್ಲು ಮುಟ್ಟೋಕೆ ಹೋದ, ಗುರ್ ಅಂತು, ಹಲ್ಲು ತಾಗಿ ಕೈ ಸ್ವಲ್ಪ ತರಚಿತು. ಯಜಮಾನ್ರು ಕೋಲಲ್ಲಿ ಹೊಡೆದ್ರು. ಟ್ರೈನರ್ 'ನಾಯಿ ನಿಮ್ಮನ್ನ ಲೀಡರ್ ಅಂತ ಒಪ್ಕೊಂಡಿಲ್ಲ, 45 ದಿನ ನಮ್ ಸೆಂಟರಲ್ಲಿ ಬಿಡಿ, ಮಧ್ಯ ನೋಡೋಕೆ ಬರ್ಬಾರ್ದು' ಅಂತಾರೆ. ಅತ್ತೆ ಯಾರಿಗಾದ್ರೂ ಕೊಟ್ಬಿಡಿ ಅಂತಾರೆ. ನಂಗೆ ಕಳ್ಸೋಕೆ ಮನಸಿಲ್ಲ, ಆದ್ರೆ ನಾಳೆ ಮಗುಗೆ ಏನಾದ್ರೂ ಆದ್ರೆ ತಪ್ಪೆಲ್ಲ ನಂದೇ ಆಗುತ್ತೆ. ಏನ್ ಮಾಡ್ಲಿ?

ಉತ್ತರ: ಬ್ರೂನೋ ವಿಷ್ಯ ಆಮೇಲೆ ಮಾತಾಡೋಣ, ಮೊದ್ಲು ಮಗನ ಕೈ. ಡಾಕ್ಟರ್‌ಗೆ ತೋರಿಸಿದ್ರಾ ಅಂತ ನೀವು ಬರ್ದಿಲ್ಲ. ತೋರಿಸಿಲ್ಲ ಅಂದ್ರೆ ಇದನ್ನ ಓದೋದು ನಿಲ್ಸಿ ಇವತ್ತೇ ಕರ್ಕೊಂಡ್ ಹೋಗಿ. ರಕ್ತ ಬಂದಿಲ್ಲ, ಬರೀ ತರಚಿದ್ದು, ಮನೆ ನಾಯಿ ಅಲ್ವಾ ಅಂತ ಬಿಡೋ ವಿಷ್ಯ ಅಲ್ಲ ಇದು, ಹಲ್ಲು ತಾಗಿ ಚರ್ಮ ತರಚಿದ್ರೂ ರೇಬೀಸ್ ಇಂಜೆಕ್ಷನ್ ಬೇಕಾಗುತ್ತೆ. ಸರ್ಕಾರಿ ಆಸ್ಪತ್ರೆಲೇ ಸಿಗುತ್ತೆ, ಹೇಗೆ ಕೊಡ್ತಾರೆ ಅನ್ನೋದ್ರ ಮೇಲೆ 4 ಅಥವಾ 5 ಡೋಸ್, ಮೊದ್ಲನೇದಾದ್ಮೇಲೆ 3ನೇ ದಿನ, 7ನೇ ದಿನ, ಹೀಗೆ 28ನೇ ದಿನದ ತನಕ. ಬ್ರೂನೋ ವ್ಯಾಕ್ಸಿನ್ ಕಾರ್ಡ್ ಕೈಲಿ ಹಿಡ್ಕೊಂಡೇ ಹೋಗಿ, ಡಾಕ್ಟರ್ ನೋಡಿ ಹೇಳ್ತಾರೆ. ಮುಂದೆ ಯಾವತ್ತಾದ್ರೂ ಹೀಗಾದ್ರೆ ತಕ್ಷಣ ನಲ್ಲಿ ಕೆಳಗೆ ಸೋಪು ಹಾಕಿ 15 ನಿಮಿಷ ತೊಳೀಬೇಕು. ಅರಿಶಿನ, ಸುಣ್ಣ ಏನೂ ಮೆತ್ತಬೇಡಿ.

ಈಗ ನಿಮ್ ಪ್ರಶ್ನೆ. ನಂದು ನೇರ ಉತ್ತರ, 45 ದಿನ ಕಳಿಸ್ಬೇಡಿ. ನೋಡೋಕೂ ಬರ್ಬಾರ್ದು ಅನ್ನೋ ಜಾಗಕ್ಕಂತೂ ಖಂಡಿತ ಬೇಡ.

ಯಾಕೆ ಅಂತ ಹೇಳ್ತೀನಿ. ಟ್ರೈನರ್ ಮುಂದೆ ಎಲ್ಲಾ ಮಾಡುತ್ತೆ, ನಮ್ ಮುಂದೆ ಮಾಡಲ್ಲ ಅಂತ ಬರ್ದಿದೀರಲ್ಲ, ನಿಮ್ ಪತ್ರದಲ್ಲಿ ನಂಗೆ ಮುಖ್ಯ ಅನ್ಸಿದ್ದೇ ಆ ಸಾಲು. ಬ್ರೂನೋಗೆ ಸಿಟ್ ಅಂದ್ರೆ ಕೂರೋದು ಗೊತ್ತು, ಕಲ್ತಾಗಿದೆ. ಆದ್ರೆ ಅದು ಕಲ್ತಿದ್ದು ಬೆಳಿಗ್ಗೆ ಹೊತ್ತು, ಪಾರ್ಕಲ್ಲಿ, ಆ ಮನುಷ್ಯನ ಜೊತೆ. ನಾಯಿಗಳು ಒಂದ್ ಕಡೆ ಕಲ್ತಿದ್ದನ್ನ ಇನ್ನೊಂದ್ ಕಡೆಗೆ ತಾವಾಗೇ ತಗೊಂಡ್ ಬರಲ್ಲ, ಜಾಗ ಬದ್ಲಾದ್ರೆ, ಹೇಳೋರು ಬದ್ಲಾದ್ರೆ ಪಾಠ ಹೊಸದಾಗೇ ಶುರು ಆಗ್ಬೇಕು. ಡ್ರೈವಿಂಗ್ ಸ್ಕೂಲಿಗೆ ಕಾರನ್ನ ಮಾತ್ರ ಕಳಿಸಿ ನಾವು ಮನೇಲಿದ್ರೆ ಯಾರು ಕಲ್ತಂಗಾಯ್ತು ಹೇಳಿ? 45 ದಿನ ಆದ್ಮೇಲೆ ಬ್ರೂನೋ ಇನ್ನೂ ಚೆನ್ನಾಗಿ ಆ ಟ್ರೈನರ್ ಮಾತು ಕೇಳೋ ನಾಯಾಗಿ ವಾಪಸ್ ಬರುತ್ತೆ, ನಿಮ್ಮನೇಲಿ ಮಾವ ಊಟದ ಟೇಬಲ್ ಹತ್ರ, ಮಗ ಓಡ್ತಾ, ಯಜಮಾನ್ರು ಕೋಲು ಹಿಡ್ಕೊಂಡು ಎಲ್ರೂ ಹಾಗೇ ಇರ್ತಾರೆ. ಒಂದು ವಾರದಲ್ಲಿ ಎಲ್ಲಾ ಮೊದ್ಲಿನ ಥರಾನೇ.

ಇನ್ನೊಂದು, ಅದ್ರ ವಯಸ್ಸು. ಇಂಗ್ಲೆಂಡಲ್ಲಿ ಗೈಡ್ ಡಾಗ್, ಅಂದ್ರೆ ಕಣ್ಣು ಕಾಣದೋರಿಗೆ ದಾರಿ ತೋರಿಸೋ ನಾಯಿ ಆಗೋಕೆ ಬೆಳೆಸೋ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಅವುಗಳ ಮಿಶ್ರ ತಳಿಗಳ ಮೇಲೆ ಒಂದು ಸ್ಟಡಿ ಮಾಡಿ 2020ರಲ್ಲಿ ಪ್ರಕಟ ಮಾಡಿದ್ರು. 5 ತಿಂಗಳಲ್ಲಿ ಸಾಕಿದೋರು ಸಿಟ್ ಅಂದ್ರೆ ಕೇಳ್ತಿದ್ದ ಮರಿಗಳು 8 ತಿಂಗಳಾದಾಗ ಅವ್ರ ಮಾತು ಕೇಳೋದು ಕಮ್ಮಿ ಆಗಿತ್ತು, ಅದೇ ಹೊರಗಿನೋರು ಹೇಳಿದ್ರೆ ಕೇಳ್ತಿದ್ವು. ಹದಿಹರೆಯದ ಮಕ್ಳು ಸ್ಕೂಲಲ್ಲಿ ಟೀಚರ್ ಮುಂದೆ ಹೇಗಿರ್ತಾರೆ, ಮನೇಲಿ ಹೇಗಿರ್ತಾರೆ ಅಂತ ನಿಮಗೆ ನಾನು ಹೇಳ್ಬೇಕಾ? ಇದೊಂದು ಹಂತ, ಕಳೆಯುತ್ತೆ. ಬ್ರೂನೋಗೆ ನಿಮ್ ಮೇಲೆ ಮರ್ಯಾದೆ ಇಲ್ಲ ಅಂತ ಅಲ್ಲ, ನೀವು ಮೆತ್ತಗಿದೀರ ಅಂತಾನೂ ಅಲ್ಲ.

ಈ ಲೀಡರ್ ಮಾತು ಕೇಳಿದ್ರೆ ನಂಗೆ ಬೇಜಾರಾಗುತ್ತೆ, ಯಾಕಂದ್ರೆ ಇದ್ರ ಹೆಸ್ರಲ್ಲಿ ಎಷ್ಟೋ ನಾಯಿಗಳು ಏಟು ತಿಂತಿವೆ. 1947ರಲ್ಲಿ ಶೆಂಕೆಲ್ ಅನ್ನೋ ವಿಜ್ಞಾನಿ ಸ್ವಿಟ್ಜರ್ಲೆಂಡಿನ ಬಾಸೆಲ್ ಝೂನಲ್ಲಿ ಕೂಡಿಹಾಕಿದ್ದ ತೋಳಗಳು ಕಿತ್ತಾಡೋದನ್ನ ನೋಡಿ ಬರೆದ್ರು, ಗುಂಪಲ್ಲಿ ಜಗಳ ಆಡಿ ಗೆದ್ದಿದ್ದೇ ಲೀಡರ್, ಅದೇ ಆಲ್ಫಾ ಅನ್ನೋ ಕಥೆ ಶುರು ಆಗಿದ್ದು ಅಲ್ಲಿಂದ. 1970ರಲ್ಲಿ ಡೇವಿಡ್ ಮೆಕ್ ಅನ್ನೋ ತೋಳ ತಜ್ಞರು ತಮ್ ಪುಸ್ತಕದಲ್ಲಿ ಅದನ್ನೇ ಜನಪ್ರಿಯ ಮಾಡಿದ್ರು, ಆಮೇಲೆ ಕಾಡಲ್ಲಿರೋ ತೋಳಗಳನ್ನ ವರ್ಷಗಟ್ಲೆ ನೋಡಿ 1999ರಲ್ಲಿ ಅವ್ರೇ ಹೇಳಿದ್ರು, ಕಾಡಿನ ತೋಳದ ಗುಂಪು ಅಂದ್ರೆ ಅಪ್ಪ ಅಮ್ಮ ಮಕ್ಳು ಇರೋ ಒಂದು ಸಂಸಾರ, ಪಟ್ಟಕ್ಕೆ ಜಗಳ ಆಡೋ ಗ್ಯಾಂಗ್ ಅಲ್ಲ ಅಂತ. ತೋಳಕ್ಕೇ ಇಲ್ಲದ ಕಥೆನ ನಿಮ್ ಲ್ಯಾಬ್ರಡಾರ್ ಮೇಲೆ ಹೊರಿಸೋದು ಯಾವ ನ್ಯಾಯ. ಪ್ರಾಣಿಗಳ ವರ್ತನೆ ಬಗ್ಗೆ ಕೆಲ್ಸ ಮಾಡೋ ಅಮೆರಿಕದ ಪಶುವೈದ್ಯರ ಸಂಘ 2021ರಲ್ಲಿ ಸ್ಪಷ್ಟವಾಗೇ ಹೇಳಿದೆ, ಬಹುಮಾನ ಕೊಟ್ಟು ಕಲಿಸೋದೊಂದೇ ಸರಿಯಾದ ದಾರಿ, ಹೊಡೆಯೋದು, ಕತ್ತು ಬಿಗಿಯೋ ಚೋಕ್ ಚೈನ್, ಕರೆಂಟ್ ಹೊಡೆಯೋ ಶಾಕ್ ಕಾಲರ್ ಯಾವ ನಾಯಿಗೂ ಬೇಡ ಅಂತ.

ಈಗ ಗುರ್ ಅಂದಿದ್ದು. ನಿಮ್ಮೋರಿಗೆ ಇದನ್ನ ಓದಿ ಹೇಳಿ. ಗುರ್ ಅನ್ನೋದು ನಾಯಿ ಬಾಯ್ಬಿಟ್ಟು ಹೇಳೋ ಎಚ್ಚರಿಕೆ, ದೂರ ಇರು ಅಂತ. ಅದಕ್ಕೂ ಮುಂಚೆ ಮೈ ಬಿಗಿ ಮಾಡುತ್ತೆ, ತಲೆ ಬಟ್ಲೊಳಗೆ ಇಟ್ಟು ಗಬಗಬ ತಿನ್ನುತ್ತೆ, ಕಣ್ಣಿನ ಬಿಳಿ ಕಾಣೋ ಹಾಗೆ ಓರೆಗಣ್ಣಲ್ಲಿ ನೋಡುತ್ತೆ, ಅದ್ಯಾವುದೂ ಆರು ವರ್ಷದ ಮಗುಗೆ ಅರ್ಥ ಆಗಲ್ಲ. ಗುರ್ ಅಂದಾಗೆಲ್ಲ ಕೋಲು ಬಿದ್ರೆ ನಾಯಿ ಗುರ್ ಅನ್ನೋದನ್ನ ಬಿಡುತ್ತೆ, ಹೆದರಿಕೆ ಬಿಡಲ್ಲ, ಮುಂದಿನ ಸಲ ಸದ್ದೇ ಇಲ್ದೆ ಕಚ್ಬೋದು. ಮಗನ್ನ ಕಾಪಾಡ್ಬೇಕು ಅಂತಾನೇ ಅವ್ರು ಹೊಡೆದಿದ್ದು, ಆ ಕಾಳಜಿ ನಂಗರ್ಥ ಆಗುತ್ತೆ, ಆದ್ರೆ ಆ ಏಟಿಂದ ಮಗನಿಗೇ ಅಪಾಯ ಜಾಸ್ತಿ ಆಗೋದು. ಪ್ರಾಣಿಗಳನ್ನ ಹೊಡೆದು ಹಿಂಸೆ ಮಾಡೋದು 1960ರ ಕಾಯ್ದೆ ಪ್ರಕಾರ ಅಪರಾಧ ಅನ್ನೋದೂ ಗೊತ್ತಿರ್ಲಿ.

ಹಾಗಾದ್ರೆ ಮಾಡೋದೇನು? ಮೊದ್ಲು ಬ್ರೂನೋನ ಒಳ್ಳೆ ವೆಟ್ ಹತ್ರ ತೋರಿಸಿ, ಕಿವಿ ಸೋಂಕು, ಸೊಂಟದ ಕೀಲಿನ ತೊಂದ್ರೆ ಲ್ಯಾಬ್ರಡಾರ್‌ಗಳಲ್ಲಿ ಮಾಮೂಲು, ನೋವಿದ್ರೆ ಯಾವ ಪ್ರಾಣಿಗೂ ಸಿಡುಕು. ಇವತ್ತಿಂದ ಅದ್ರ ಊಟ ಹಿಂದಿನ ಯುಟಿಲಿಟಿಲಿ, ಬಾಗ್ಲು ಹಾಕಿ. ತಿನ್ನುವಾಗ, ಮಲಗಿದಾಗ, ಏನಾದ್ರೂ ಕಚ್ಕೊಂಡ್ ಕೂತಾಗ ಮಗ ಹತ್ರ ಹೋಗೋ ಹಾಗಿಲ್ಲ, ದೊಡ್ಡೋರು ರೂಮಲ್ಲಿಲ್ದೆ ಇಬ್ರನ್ನೇ ಬಿಡೋ ಹಾಗಿಲ್ಲ. ಇದ್ರಲ್ಲಿ ಪಾಪ ಪುಣ್ಯ ನೋಡ್ಬೇಡಿ, ಒಂದಿನಾನೂ ತಪ್ಪಿಸ್ಬೇಡಿ.

ಬಟ್ಲಿನ ಭಯ ಬಿಡಿಸೋದು ದೊಡ್ಡೋರ ಕೆಲ್ಸ. ಅದು ತಿಂತಿರುವಾಗ ದೂರದಲ್ಲೇ, ಮೈ ಬಿಗಿ ಮಾಡದಷ್ಟು ದೂರದಲ್ಲಿ ನಡ್ಕೊಂಡ್ ಹೋಗ್ತಾ ಬಟ್ಲಿನ ಕಡೆಗೆ ಒಂದು ಚೂರು ಪನೀರ್ ಎಸೆದು ನಿಲ್ದೇ ಮುಂದೆ ಹೋಗಿ. ಅಷ್ಟೇ. ದಿನಾ ಹೀಗೇ ಮಾಡ್ತಾ ಅದು ಬಾಲ ಆಡಿಸ್ತಾ ತಲೆ ಎತ್ತಿ ನಿಮ್ಮನ್ನ ನೋಡೋಕೆ ಶುರು ಮಾಡಿದ್ಮೇಲೆ ಮಾತ್ರ ಒಂದೊಂದೇ ಹೆಜ್ಜೆ ಹತ್ರ ಬನ್ನಿ. ಹತ್ರ ಬರೋರು ಕಿತ್ಕೊಳ್ಳೋರಲ್ಲ, ಇನ್ನೂ ಒಳ್ಳೇದು ಕೊಡೋರು ಅಂತ ಅದಕ್ಕೆ ಗೊತ್ತಾಗ್ಬೇಕು. ಪರೀಕ್ಷೆ ಮಾಡೋಣ ಅಂತ ಬಟ್ಲು ಎತ್ಕೊಳೋದು, ಅದ್ರೊಳಗೆ ಕೈ ಹಾಕೋದು ಮಾಡ್ಬೇಡಿ, ಸುಮ್ನೆ ಇರೋ ನಾಯಿಗೂ ರೇಗುತ್ತೆ. ಲ್ಯಾಬ್ರಡಾರ್‌ಗೆ ಊಟ ಅಂದ್ರೆ ಪ್ರಾಣ, 2016ರಲ್ಲಿ ಕೇಂಬ್ರಿಡ್ಜ್‌ನೋರು ಕಂಡ್ಕೊಂಡಿದ್ದಾರೆ, ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರ್‌ಗೆ ಪಿಒಎಂಸಿ ಅನ್ನೋ ಜೀನಿನ ಒಂದು ತುಂಡೇ ಇರಲ್ಲ, ಅಂಥವು ಊಟಕ್ಕೆ ಇನ್ನೂ ಜಾಸ್ತಿ ಹಾತೊರೀತಾವೆ. ಕಲಿಸೋಕೆ ಇದು ನಮಗೆ ಅನುಕೂಲಾನೇ. ಮನೇಲಿ ಮಾಂಸ ಮಾಡಲ್ಲ ಅಂದ್ರೂ ಚಿಂತೆ ಇಲ್ಲ, ಪನೀರ್, ಬೇಯಿಸಿದ ಕ್ಯಾರೆಟ್, ಸಿಹಿಗುಂಬಳ, ಇಲ್ಲ ಅದ್ರ ದಿನದ ಊಟದಲ್ಲೇ ಒಂದು ಹಿಡಿ ತೆಗೆದಿಟ್ಕೊಂಡ್ರೂ ಸಾಕು. ಈರುಳ್ಳಿ ಸಾಂಬಾರ್ ಅನ್ನ, ಪಾಯಸದ ದ್ರಾಕ್ಷಿ ಮಾತ್ರ ಬಾಯಿಗೆ ಬೀಳ್ಬಾರ್ದು, ಎರಡೂ ನಾಯಿಗೆ ವಿಷ.

ಟೇಬಲ್ ಹತ್ರ ಮಾವ ಏನಾದ್ರೂ ತುಂಡು ಹಾಕ್ತಾರಾ ಕೇಳಿ ನೋಡಿ, ತುಂಬಾ ಮನೆಗಳಲ್ಲಿ ಹಾಕ್ತಾರೆ. ಹಾಕ್ಬೇಡಿ ಅಂದ್ರೆ ಬೇಜಾರ್ ಮಾಡ್ಕೋತಾರೆ, ಅದ್ರ ಬದ್ಲು ಅವ್ರಿಗೆ ಒಂದು ಕೆಲ್ಸ ಕೊಡಿ, ಊಟ ಎಲ್ಲಾ ಆದ್ಮೇಲೆ ಬ್ರೂನೋ ಅದ್ರ ಮ್ಯಾಟ್ ಮೇಲೆ ಕೂತ್ರೆ ಮಾತ್ರ ಒಂದು ತುಂಡು, ಅದೂ ಮಾವನ ಕೈಯಿಂದಾನೇ. ಅತ್ತೆಗೆ ಭಯ ಇರ್ಬೋದು, ಮುಟ್ಟೋದೇನೂ ಬೇಡ, ಮೈ ಮೇಲೆ ಹಾರೋಕೆ ಬಂದ್ರೆ ಕೂಗ್ದೆ ಬೆನ್ನು ತಿರುಗಿಸ್ಲಿ, ನಾಲ್ಕೂ ಕಾಲು ನೆಲದ ಮೇಲಿದ್ರೆ ಮಾತ್ರ ಮಾತಾಡಿಸ್ಲಿ. ಎಲ್ರೂ ಒಂದೇ ಮಾತು ಹೇಳಿ, ಒಬ್ರು ಸಿಟ್, ಒಬ್ರು ಕೂತ್ಕೋ, ಇನ್ನೊಬ್ರು ಏಯ್ ಅಂದ್ರೆ ಅದಕ್ಕೇನ್ ಗೊತ್ತಾಗ್ಬೇಕು. ಪ್ರಾಕ್ಟೀಸು ಒಂದ್ಸಲಕ್ಕೆ 5 ನಿಮಿಷ ಸಾಕು, ದಿನಕ್ಕೆ ಎರಡು ಮೂರು ಸಲ.

ಟ್ರೈನರೇ ಬೇಡ ಅಂತ ನಾನು ಹೇಳ್ತಿಲ್ಲ, ಒಳ್ಳೇ ಟ್ರೈನರ್ ನಿಮಗೆ ಬೇಕು. ಆದ್ರೆ ನಾಯಿನ ಕರ್ಕೊಂಡ್ ಹೋಗೋರು ಬೇಡ, ಮನೆಗೆ ಬಂದು, ಹಾಲಲ್ಲಿ ಕೂತು, ನಿಮ್ಮೆಲ್ಲರ ಕೈಲಿ ಮಾಡ್ಸಿ, ತಪ್ಪಾದ್ರೆ ನಿಮ್ಮನ್ನ ತಿದ್ದೋರು ಬೇಕು. ನಾಯಿ ಸರಿ ಮಾಡ್ದಾಗ ಏನ್ ಕೊಡ್ತೀರಾ, ತಪ್ಪು ಮಾಡ್ದಾಗ ಏನ್ ಮಾಡ್ತೀರಾ ಅಂತ ಮೊದ್ಲೇ ಕೇಳಿ, ಎರಡನೇದಕ್ಕೆ ಉತ್ತರ ತೇಲಿಸಿದ್ರೆ ಅಲ್ಲಿಗೇ ಬಿಡಿ. 'ಗ್ಯಾರಂಟಿ' ಅನ್ನೋರನ್ನೂ ನಂಬ್ಬೇಡಿ, ಜೀವ ಇರೋ ಪ್ರಾಣಿಗೆ ಯಾರೂ ಗ್ಯಾರಂಟಿ ಕೊಡೋಕಾಗಲ್ಲ. ಈಗಿನ ಟ್ರೈನರ್‌ಗೆ ಸೆಂಟರ್ ಬೇಡ, ನಮ್ ಮುಂದೇನೇ ಕಲಿಸ್ತೀರಾ ಅಂತ ಒಂದ್ ಮಾತು ಕೇಳ್ಬೋದು, ಒಪ್ಲಿಲ್ಲ ಅಂದ್ರೆ ಲೆಕ್ಕ ಚುಕ್ತಾ ಮಾಡಿ ಕಳಿಸಿ.

ಇನ್ನು ನಿಮ್ ವಿಷ್ಯ, ಇದನ್ನ ನೀವು ಅರ್ಧ ಸಾಲಲ್ಲಿ ಮುಗಿಸಿಬಿಟ್ರಿ. ಮರಿ ತಂದಿದ್ದು ಅವ್ರು, ಕೇಳಿದ್ದು ಮಗ, ಕೆಲ್ಸ ನಿಮಗೆ, ತಪ್ಪೂ ನಿಮಗೆ. ಇದು ಸರಿಯಿಲ್ಲಮ್ಮ. ಭಾನುವಾರ ಮಗ ಆಟಕ್ಕೆ ಹೋದಾಗ ಯಜಮಾನ್ರನ್ನ ಕೂರಿಸ್ಕೊಂಡು ಹೇಳಿ, 'ರೀ, ಸೆಂಟರಿಗೆ ಕೊಡೋ ದುಡ್ಡಲ್ಲಿ ಮನೆಗೆ ಬರೋ ಟ್ರೈನರ್ ಇಟ್ಕೊಳೋಣ, ಆದ್ರೆ ಸಂಜೆ ವಾಕಿಂಗ್ ನಿಮ್ದು, ಕ್ಲಾಸಿಗೆ ನೀವೂ ಕೂರ್ಬೇಕು, ಕೋಲು ಮನೇಲಿರಲ್ಲ. ಇದು ನಿಮ್ ಕೈಲಾಗಲ್ಲ ಅಂದ್ರೆ ನನ್ ಕೈಲೂ ಒಬ್ಳೇ ಆಗಲ್ಲ.' ಜೋರಾಗಿ ಹೇಳ್ಬೇಕಿಲ್ಲ, ಆದ್ರೆ ಕೊನೇ ಸಾಲು ನುಂಗ್ಬೇಡಿ. ವಾಕಿಂಗ್‌ಗೆ ಎದೆ ಹತ್ರ ಕೊಕ್ಕೆ ಇರೋ ಹಾರ್ನೆಸ್, ಅಂದ್ರೆ ಕತ್ತಿಗಲ್ಲ ಮೈಗೆ ಹಾಕೋ ಬೆಲ್ಟು ತಗೊಳಿ, ಎಳೆದ್ರೆ ನಿಂತ್ಬಿಡಿ, ಹಗ್ಗ ಸಡಿಲ ಆದ್ಮೇಲೇ ಮುಂದೆ ನಡೀರಿ, ಚೋಕ್ ಚೈನ್ ಬೇಡ್ವೇ ಬೇಡ.

ಅವ್ರು ಒಪ್ಲೇ ಇಲ್ಲ, ಮನೇಲಿ ಯಾರೂ ಕೈ ಜೋಡಿಸ್ಲಿಲ್ಲ ಅಂದ್ರೆ? ಆಗ ಅತ್ತೆ ಹೇಳೋ ದಾರಿ ಯೋಚ್ನೆ ಮಾಡೋದ್ರಲ್ಲಿ ಪಾಪ ಏನಿಲ್ಲ, ಚಿಕ್ಕ ಮಕ್ಳಿಲ್ದ, ನಾಯಿ ಸಾಕಿ ಗೊತ್ತಿರೋ ಮನೆ ಹುಡುಕಿ, ಊಟದ ಹತ್ರ ಗುರ್ ಅಂದಿದ್ದು, ಹಲ್ಲು ತಾಗಿದ್ದು ಒಂದನ್ನೂ ಮುಚ್ಚಿಡ್ದೇ ಹೇಳಿ ಕೊಡಿ. ಆದ್ರೆ ಅದು ಈಗಲೇ ಅಲ್ಲ. ಒಂದು ತಿಂಗ್ಳು ಎಲ್ರೂ ಸೇರಿ ಮಾಡಿ ನೋಡಿ. ಈ ಮಧ್ಯ ಗುರ್ ಅನ್ನೋದು ಜಾಸ್ತಿ ಆದ್ರೆ, ಊಟ ಬಿಟ್ಟು ಬೇರೆ ಹೊತ್ತಲ್ಲೂ ಮಗನ್ನ ಕಂಡ್ರೆ ಮೈ ಬಿಗಿ ಮಾಡಿದ್ರೆ ತಿಂಗ್ಳು ಮುಗೀಲಿ ಅಂತ ಕಾಯ್ಬೇಡಿ, ಮಗನ್ನೂ ಬ್ರೂನೋನೂ ಪೂರ್ತಿ ಬೇರೆ ಬೇರೆ ಇಟ್ಟು, ನಾಯಿಗಳ ವರ್ತನೆ ಬಗ್ಗೆ ತಿಳ್ಕೊಂಡಿರೋ ಪಶುವೈದ್ಯರು ಯಾರು ಅಂತ ನಿಮ್ ವೆಟ್ ಹತ್ರಾನೇ ಕೇಳಿ ಆ ವಾರಾನೇ ತೋರಿಸಿ.