ರೈಲಿನಲ್ಲಿ ಮೃದಂಗ, ಕಥೆಯಲ್ಲಿ ಗುಟ್ಟು

ಪ್ರಶ್ನೆ: ಸರ್, ನಾವು ನಾಲ್ವರು ಕರ್ನಾಟಕ ಸಂಗೀತ ಕಲಿಯುವವರು. ಕಛೇರಿ ಎಲ್ಲಿದ್ದರೂ ಒಟ್ಟಿಗೆ ರೈಲು ಹತ್ತುತ್ತೇವೆ. ಇಂಥದ್ದೇ ಒಂದು ತಂಡದ ಮೇಲೆ ಕಿರುಚಿತ್ರ ಮಾಡುವ ಆಸೆ. ಕಛೇರಿ ಮುಗಿಸಿ ವಾಪಸ್ ಬರುವಾಗ ಹಿರಿಯ ಮೃದಂಗ ವಿದ್ವಾಂಸರು ರೈಲಿನಿಂದ ಕಾಣೆಯಾಗುತ್ತಾರೆ, ವಿದ್ಯಾರ್ಥಿಗಳು ಸಿಸಿಟಿವಿ ನೋಡಿ ಪತ್ತೆ ಮಾಡುತ್ತಾರೆ. ಓದಿದವರೆಲ್ಲ ‘ಇವರು ಸಂಗೀತದವರೇ ಯಾಕಾಗಬೇಕು’ ಅಂತ ಕೇಳುತ್ತಿದ್ದಾರೆ. ಏನು ಮಾಡೋಣ?
– ಓದುಗರು, ಕುಂಬಳೆ

ಉತ್ತರ: ಅವರು ಕೇಳಿದ್ದು ಸರಿಯಾಗಿದೆ. ಸಿಸಿಟಿವಿ ಯಾರು ಬೇಕಾದರೂ ನೋಡಬಹುದು, ಅಲ್ವಾ? ಸಂಗೀತ ಕಲಿತವರಿಗೆ ಮಾತ್ರ ಸಿಗುವ ಸುಳಿವು ಬೇಕು.

ಅದು ನಿಮ್ಮ ಕೈಯಲ್ಲೇ ಇದೆ. ಕಛೇರಿಗೆ ಮುಂಚೆ ಮೃದಂಗದ ಎಡಭಾಗಕ್ಕೆ ರವೆ ಕಲಸಿ ಮೆತ್ತುತ್ತಾರೆ, ಆ ಗುಂಯ್ ಅನ್ನುವ ನಾದ ಬರುವುದೇ ಅದರಿಂದ. ಮುಗಿದ ಮೇಲೆ ಅದನ್ನು ಕೆರೆದು, ಒರೆಸಿ, ಆಮೇಲೆಯೇ ಚೀಲಕ್ಕೆ ಹಾಕುತ್ತಾರೆ. ನಿಮ್ಮ ಕಥೆಯ ವಿದ್ಯಾರ್ಥಿನಿಯೊಬ್ಬಳು ಸೀಟಿನ ಕೆಳಗಿನ ಚೀಲ ಬಿಚ್ಚುತ್ತಾಳೆ, ರವೆ ಇನ್ನೂ ಹಸಿಯಾಗಿದೆ, ಚೀಲದ ಒಳಬಟ್ಟೆಗೂ ಅಂಟಿದೆ. ಪೊಲೀಸರಿಗೆ ಅದು ಬರೀ ಹಿಟ್ಟು. ಅವಳಿಗೆ ಗೊತ್ತು, ಇಷ್ಟು ವರ್ಷ ನುಡಿಸಿದವರು ವಾದ್ಯವನ್ನು ಹೀಗೆ ಒಳಗಿಡುವವರಲ್ಲ. ಚೀಲಕ್ಕೆ ಹಾಕಿದ್ದು ಬೇರೆ ಯಾರೋ!

ಹಳೆಯ ಕ್ಯಾಸೆಟ್ ಒಂದನ್ನೂ ತರಬಹುದು. ಟೇಪು ಸುಮಾರು 6 ಶೇಕಡಾ ವೇಗವಾಗಿ ಓಡಿದರೆ ಬಿಳಿ ಒಂದು ಶ್ರುತಿಯ (ಹಾರ್ಮೋನಿಯಂನ ಮೊದಲ ಬಿಳಿ ಮನೆಯ ಸ್ವರ) ಹಾಡು ಅದರ ಪಕ್ಕದ ಕಪ್ಪು ಒಂದಕ್ಕೆ ಏರುತ್ತದೆ. ಗಾಯಕರ ಶ್ರುತಿ ಗೊತ್ತಿರುವ ಶಿಷ್ಯನಿಗೆ ಮೊದಲ ಸಾಲಿಗೇ ಕಿರಿಕಿರಿ. ಶ್ರುತಿಪೆಟ್ಟಿಗೆ ಹಿಡಿದು ನೋಡಿದರೆ, ಇದು ಬೇರೆ ಮಷೀನಿನಲ್ಲಿ ಮಾಡಿಕೊಂಡ ಕಾಪಿ ಇರಬೇಕು ಅನ್ನುವ ಅನುಮಾನ ಶುರುವಾಗುತ್ತದೆ. ಹಾಗಾದರೆ ಅಸಲಿ ಎಲ್ಲಿ?

ಹಿಚ್‌ಕಾಕ್ ಅವರ 1938ರ ‘ದಿ ಲೇಡಿ ವ್ಯಾನಿಶಸ್’ ದಯವಿಟ್ಟು ನೋಡಿ. ಅದೂ ರೈಲಿನಲ್ಲಿ ಒಬ್ಬ ವೃದ್ಧೆ ಕಾಣೆಯಾಗುವ ಕಥೆ. ಅಲ್ಲಿ ಗುಟ್ಟು ಅಡಗಿರುವುದು ಒಂದು ಧಾಟಿಯಲ್ಲಿ. ಅದನ್ನು ಬಾಯಿಪಾಠ ಮಾಡಿಕೊಂಡು ಲಂಡನ್ನಿಗೆ ಮುಟ್ಟಿಸಬೇಕಾದವನು ಜಾನಪದ ಸಂಗೀತ ಸಂಗ್ರಹಿಸುತ್ತಾ ತಿರುಗುವ ಹುಡುಗ. ಸಂಗೀತ ತೆಗೆದುಬಿಟ್ಟರೆ ಆ ಕಥೆಯೇ ಇಲ್ಲ.

ಇನ್ನು ಜಾಗ. ಬೇಕಲ ಕೋಟೆ ಬೇಡ ಅನ್ನುತ್ತೇನೆ, 1995ರ ‘ಬಾಂಬೆ’ ಚಿತ್ರದ ಹಾಡಿನಿಂದ ಹಿಡಿದು ಜನ ಅದನ್ನು ಪರದೆಯ ಮೇಲೆ ಸಾಕಷ್ಟು ನೋಡಿಯಾಗಿದೆ. ನಿಮ್ಮ ರೈಲುದಾರಿಯೇ ಸಾಕು. ಕಾಸರಗೋಡು, ಕುಂಬಳೆ, ಉಪ್ಪಳ, ಮಂಜೇಶ್ವರ ದಾಟಿ ಉಳ್ಳಾಲ ಬರುವಷ್ಟರಲ್ಲಿ ರಾಜ್ಯವೇ ಬದಲಾಗಿರುತ್ತದೆ. ಅವರು ಕಾಣೆಯಾದದ್ದು ಕೇರಳದಲ್ಲೋ ಕರ್ನಾಟಕದಲ್ಲೋ? ಝೀರೋ ಎಫ್‌ಐಆರ್, ಅಂದರೆ ವ್ಯಾಪ್ತಿ ನೋಡದೆ ದಾಖಲಿಸುವ ಪೊಲೀಸ್ ದೂರು, ಯಾವ ಠಾಣೆಯಲ್ಲಾದರೂ ಹಾಕಿಸಬಹುದು, ಆದರೆ ಅದು ಸಂಬಂಧಪಟ್ಟ ಠಾಣೆಗೆ ಹೋಗಬೇಕು. ಆ ನಡುವಿನ ಹೊತ್ತು ನಿಮ್ಮ ನಾಲ್ವರದು, ಕಥೆ ಓಡಬೇಕಾದದ್ದು ಅಲ್ಲೇ.

ಪ್ರಶ್ನೆ: ಕಾಸರಗೋಡಿನ ಕಥೆಗೆ ಕಿರುಚಿತ್ರದಲ್ಲಿ ಯಾವ ಭಾಷೆ ಇಡಬೇಕು? ಪೂರ್ತಿ ಕನ್ನಡ ಇಟ್ಟರೆ ಸುಳ್ಳು ಅನಿಸುತ್ತದೆ.
– ಓದುಗರು, ಮಂಜೇಶ್ವರ

ಉತ್ತರ: ನೀವು ದಿನಾ ಆಡುವ ಹಾಗೆಯೇ ಇಡಿ. ಗೆಳೆಯರ ಮಧ್ಯೆ ತುಳು, ಟೀ ಅಂಗಡಿಯಲ್ಲಿ ಮಲಯಾಳ, ಪಾಠದಲ್ಲಿ ಕನ್ನಡ, ಹವ್ಯಕರ ಮನೆಯಾದರೆ ಹವ್ಯಕ. ಕೆಳಗೆ ಸಬ್‌ಟೈಟಲ್ ಹಾಕಿದರಾಯಿತು. ಸುಮ್ನೆ ಎಲ್ಲರ ಬಾಯಲ್ಲೂ ಬೆಂಗಳೂರು ಕನ್ನಡ ತುರುಕಬೇಡಿ, ನಮ್ಮೂರಿನವರಿಗೆ ಅದು ಮೊದಲ ಮಾತಿಗೇ ಗೊತ್ತಾಗುತ್ತದೆ.